ಗಿಡ್ಡ ಸ್ಪ್ರಿಂಗು, ಉದ್ದ ಶಾಕಪ್

“ಇದು ಪಾಪದ ಕೆಲಸ, ನಿತಿನಶೇಠ್” ಎಂದು ಮೆಕ್ಯಾನಿಕ್ ಸ್ವಪ್ನಿಲ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. “ಸ್ಪ್ರಿಂಗ್ ಗಿಡ್ಡ ಹಾಕಿದ್ರ ಶಾಕಪ್ಪೂ ಗಿಡ್ಡ ಹಾಕಬೇಕು. ಅವೆರಡೂ ಜೋಡಿ. ಹಳೇ ಶಾಕಪ್ ಇಟ್ರ ಗಾಡಿ ಓಡೂದಿಲ್ಲ, ಕುಣೀತದ.”

“ಕುಣೀಲಿ.”

“ಹಿಂದ ಮೂರು ಮಂದಿ ಕುಂತ್ರ ಸ್ಪೀಡ್‌ಬ್ರೇಕರಿಗೆ ಗಾಡಿ ಹೊಟ್ಟಿ ಬಡೀತದ.”

“ಖರೇನ?” ಎಂದ ನಿತಿನ. ಅವನ ಮುಖ ಅರಳಿತ್ತು.

ಕಾರು ತಗ್ಗಿಸಿಕೊಳ್ಳುವ ಹುಡುಗರು ಸೊಲ್ಲಾಪುರದಲ್ಲಿ ಬೇಕಾದಷ್ಟಿದ್ದಾರೆ. ಎಲ್ಲರಿಗೂ ವೇಗದ ಹುಚ್ಚು. ಆದರೆ ಇಂಥ ಕೆಂಪು ಟರ್ಬೊ ಕಾರಿಗೆ ಸ್ಪ್ರಿಂಗ್ ಮಾತ್ರ ಬದಲಿಸಿ, ಕೈಮುಗಿದು ಹೇಳಿದರೂ ಜೋಡಿ ಶಾಕ್ ಅಬ್ಸಾರ್ಬರ್ ಬೇಡವೆನ್ನುವ ಗಿರಾಕಿಯನ್ನು ಸ್ವಪ್ನಿಲ ಕಂಡಿರಲಿಲ್ಲ.

ನಿತಿನನಿಗೆ ಬೇಕಾಗಿದ್ದುದು ವೇಗವಲ್ಲ, ಗುರುವಾರ. ಮನೆತನದ ಟಾವೆಲ್ ಅಂಗಡಿಗೆ ವಾರಕ್ಕೊಂದೇ ರಜೆ. ಅವತ್ತು ಅಪ್ಪ ಕಲ್ಯಾಣಪ್ಪ ಮುಂದಿನ ಸೀಟಿಗೆ. ಅಜ್ಜಿ ರತ್ನಾಬಾಯಿ, ಅವ್ವ, ಸೋದರತ್ತೆ ಆತ್ಯಾ ಹಿಂದಿನ ಸೀಟಿಗೆ. ಅಕ್ಕಲಕೋಟದಲ್ಲಿ ಸ್ವಾಮಿ ದರ್ಶನ, ಪ್ರಸಾದ, ಆಮೇಲೆ ಹಾದಿ ಬಿಟ್ಟು ಚಪಳಗಾಂವದ ಬೀಗರ ಮನೆಯಲ್ಲಿ ಚಹಾ. ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ಕಾರಿನಲ್ಲಿ ಇರುವುದೇ ಐದು ಸೀಟು. ಮದುವೆಯಾಗಿ ವರ್ಷ ತುಂಬದ ಮಯೂರಿ ಮನೆ ಕಾಯುತ್ತಿದ್ದಳು. ಊರೆಲ್ಲ ತಿರುಗಿ ನೋಡುವ ಆ ಕಾರಿನಲ್ಲಿ ಕಟ್ಟಿಕೊಂಡ ಹೆಂಡತಿ ಒಮ್ಮೆಯೂ ಕೂತಿರಲಿಲ್ಲ. ಅದನ್ನು ನೆನೆದರೆ ನಿತಿನನ ಕರುಳು ಚುರ್ ಎನ್ನುತ್ತಿತ್ತು.

ಪಾಪ, ಆಕೆ ಒಂದು ದಿನವೂ ಮುಖ ಊದಿಸಿದವಳಲ್ಲ. ಗುರುವಾರ ನಸುಕಿಗೇ ಎದ್ದು, ಏನೋ ಗುನುಗುತ್ತ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟುತ್ತಿದ್ದಳು. ಮಧ್ಯಾಹ್ನದ್ದಷ್ಟೇ ಅಲ್ಲ, ಸಂಜೆಯದೂ. “ಅವಸರ ಮಾಡಬ್ಯಾಡ್ರಿ, ಸಾವಕಾಶ ಬರ್ರಿ” ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕಾರು ಓಣಿ ತಿರುಗುವ ಮೊದಲೇ ಒಳಗಿನಿಂದ ಚಿಲಕ ಬೀಳುತ್ತಿತ್ತು. ಒಬ್ಬಳೇ ಹೆದರುತ್ತಾಳೆ ಎಂದು ನಿತಿನ ಸಂಕಟಪಡುತ್ತಿದ್ದ.

ಅಜ್ಜಿಯ ಮುಂದೆ “ನಾ ಒಲ್ಲೆ” ಎನ್ನುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೆ ಕಾರೇ ಒಲ್ಲೆನೆಂದರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕಾರು ಒಲ್ಲೆನೆಂದಿತು. ಊರು ದಾಟುವ ಮೊದಲೇ ಹಿಂದಿನ ಸೀಟಿನ ಮೂವರೂ ಮೊರದಲ್ಲಿ ಕೇರಿದ ಜೋಳದಂತೆ ಹಾರಿ ಹಾರಿ ಬಿದ್ದರು. ಮೊದಲ ಸ್ಪೀಡ್‌ಬ್ರೇಕರಿಗೇ ಕಾರಿನ ಹೊಟ್ಟೆ ಕರ್ರೆಂದಿತು. ಆಮೇಲೆ ಒಂದೊಂದು ಸ್ಪೀಡ್‌ಬ್ರೇಕರಿಗೂ ಹೆಂಗಸರು ಇಳಿದು ನಡೆದರು, ಕಾರು ದಾಟಿದ ಮೇಲೆ ಮತ್ತೆ ಹತ್ತಿದರು. ಕರಜಗಿಯ ಎಸ್.ಟಿ. ಬಸ್ಸಿನವರು ಕಿಟಕಿಗೆ ಮುಖ ಹಚ್ಚಿ ನಕ್ಕರು.

“ತಿರುಗಸೋ ಇದನ್ನ!” ಎಂದಳು ರತ್ನಾಬಾಯಿ, ಸೊಂಟ ಹಿಡಿದುಕೊಂಡು. “ನಾ ಇನ್ನ ಮನ್ಯಾಗ ಫೋಟೋಕ್ಕ ಕೈ ಮುಗೀತೀನಿ. ಸ್ವಾಮಿಗೆ ನನ್ನ ನಡಾ ಗೊತ್ತದ.”

ನಿತಿನ ಮೋರೆ ಸಪ್ಪಗೆ ಮಾಡಿಕೊಂಡು, ಒಳಗೊಳಗೇ ಕುಣಿಯುತ್ತ ಕಾರು ತಿರುಗಿಸಿದ.

ಮನೆ ಮುಟ್ಟಿದಾಗ ಇನ್ನೂ ಬೆಳಗಿನ ಬಿಸಿಲು. ಬಾಗಿಲು ತೆರೆಯಲು ಮಯೂರಿಗೆ ಹೊತ್ತಾಯಿತು. ಕೂದಲು ಬಿಚ್ಚಿತ್ತು. ಟಿವಿ ಓಣಿಗೆಲ್ಲ ಕೇಳುವಂತೆ ಹಾಡುತ್ತಿತ್ತು. ನಡುಮನೆಯಲ್ಲಿ ಅಜ್ಜಿಯ ಜೋಕಾಲಿ ಇನ್ನೂ ತೂಗುತ್ತಿತ್ತು. ಐದೂ ಜನರನ್ನು ಹೊಸ್ತಿಲಲ್ಲಿ ಕಂಡು ಆಕೆಯ ಕಣ್ಣು ತುಂಬಿ ಬಂತು. ಇಷ್ಟೊಂದು ಪ್ರೀತಿಯೇ ಎಂದು ನಿತಿನ ಕರಗಿಹೋದ.

ಮರುದಿನ ಚಹಾ ಕುಡಿಯುವಾಗ ಗುಟ್ಟು ಬಿಟ್ಟುಕೊಟ್ಟ. “ಬೇಕಂತನ ಸ್ಪ್ರಿಂಗ್ ಗಿಡ್ಡ ಮಾಡಿಸೀನಿ, ಶಾಕಪ್ ಹಳೇದ ಇಟ್ಟೀನಿ. ಇನ್ನ ಗುರುವಾರ ನಾವಿಬ್ಬರ. ಇಬ್ಬರ ಕುಂತ್ರ ಗಾಡಿ ಹೆಂಗರೆ ನಡೀತದ.”

“ಮತ್ತ ಅಜ್ಜಿ, ಅತ್ತಿ, ಆತ್ಯಾ?”

“ಮನ್ಯಾಗ ಇರ್ತಾರ.”

“ವಾರಾ ಪೂರ್ತಿ?”

“ಹೂಂ ಮತ್ತ!”

ಮಯೂರಿ ಚಹಾದ ಬಶಿ ಕೆಳಗಿಟ್ಟಳು. ಆಮೇಲೆ, “ಆ ಶಾಕಪ್ ಅಂದ್ರ ಏನ್ರಿ?” ಎಂದಳು.

ನಿತಿನ ಹಿಗ್ಗಿ ಹೀರೇಕಾಯಾದ. ಸ್ಪ್ರಿಂಗ್ ಗಾಡಿಯನ್ನು ಹೊರುತ್ತದೆ, ಶಾಕಪ್ ಅದರ ಕುಣಿತ ಹಿಡಿಯುತ್ತದೆ, ಗಿಡ್ಡಕ್ಕೆ ಗಿಡ್ಡವೇ ಜೋಡಿ ಎಂದು ಬಿಡಿಸಿ ಬಿಡಿಸಿ ಹೇಳಿದ. ಆಕೆ ತಲೆಯಾಡಿಸುತ್ತ ಕೇಳಿದಳು. ಗಂಡನ ಹುಚ್ಚನ್ನು ಇಷ್ಟು ಮನಸಿಟ್ಟು ಕೇಳುವ ಹೆಂಡತಿ ಎಷ್ಟು ಮಂದಿಗೆ ಸಿಗುತ್ತಾಳೆ?

ಬುಧವಾರ ನಿತಿನ ವ್ಯಾಪಾರಕ್ಕೆಂದು ರೈಲಿನಲ್ಲಿ ಕಲಬುರಗಿಗೆ ಹೋಗಿ ಬಂದ. ಗುರುವಾರ ಹೊಸ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಹೊರಗೆ ಬಂದರೆ, ಕಾರಿನಲ್ಲಿ ಅಪ್ಪ ಮುಂದೆ, ಹೆಂಗಸರು ಮೂವರೂ ಹಿಂದೆ.

“ನಿನ್ನಿ ಗಾಡಿ ರಿಪೇರಿ ಆಗ್ಯಾದಂತ” ಎಂದಳು ಅಜ್ಜಿ. “ನಡಿ, ಹೊತ್ತಾತು.”

ಬಾಗಿಲಲ್ಲಿ ಮಯೂರಿ ಬುತ್ತಿ ಹಿಡಿದು ನಿಂತಿದ್ದಳು. ನಿತಿನ ಆಕೆಯ ಮುಖ ನೋಡಲಾರದೆ ಕಾರು ಬಿಟ್ಟ. ಕಾರು ಕುಣಿಯಲಿಲ್ಲ. ಸ್ಪೀಡ್‌ಬ್ರೇಕರುಗಳು ಬಂದವು, ಹೋದವು. ಅಜ್ಜಿಯ ಗೊರಕೆ ಒಮ್ಮೆಯೂ ತಪ್ಪಲಿಲ್ಲ. ಯಾರ ಕೆಲಸ ಇದು? ಅಪ್ಪನದೇ? ಮುದುಕಿಯದೇ? ಅಕ್ಕಲಕೋಟದಲ್ಲಿ ಎಲ್ಲರನ್ನೂ ದರ್ಶನದ ಸರದಿಗೆ ಬಿಟ್ಟು, ಅವನು ಬೇವಿನ ಗಿಡದ ಕೆಳಗೆ ನಿಂತು ಸ್ವಪ್ನಿಲನಿಗೆ ಫೋನ್ ಹಚ್ಚಿದ.

“ನನ್ನ ಸಂಸಾರಕ್ಕ ಕಲ್ಲು ಹಾಕಿದೆಲ್ಲೋ! ಯಾರು, ನಮ್ಮ ಅಜ್ಜಿ ಹೇಳಿದಳೇನ?”

“ಅಜ್ಜಿ ಅಲ್ರಿ, ಶೇಠ್” ಎಂದ ಸ್ವಪ್ನಿಲ. “ನಮ್ಮ ಮಯೂರಿ ವೈನಿಯವರು ಫೋನ್ ಮಾಡಿ ಕರಸಿದ್ರು. ‘ಸ್ಪ್ರಿಂಗ್ ಒಂದು ಬೆರಳು ಎತ್ತರದ್ದು ಹಾಕು, ಅದಕ್ಕ ಜೋಡಿ ಶಾಕಪ್ ಹಾಕು. ಐದೂ ಮಂದಿ ಹೊರಗ ಹೋಗೂದು ಗುರುವಾರ ಒಂದ ದಿನ ಅಣ್ಣಾ, ನನಗ ಜೋಕಾಲಿ ಸಿಗೂದೂ ಅವತ್ತ ಒಂದ ದಿನ’ ಅಂತ ಕೈ ಮುಗದ್ರು.”