ಒಡತಿಯ ಅಪ್ಪಣೆ

ಹನ್ನೊಂದನೆಯ ದಿನ ಬೆಳಿಗ್ಗೆಯೂ ಬಟ್ಟಲಲ್ಲಿ ಆರು ಹುಳುಗಳು ಹಾಗೇ ಹೊರಳಾಡುತ್ತಿದ್ದವು. ಅವಳು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಎಣಿಸಿದಳು. ಆರೇ.

ಗಾಜಿನ ಪೆಟ್ಟಿಗೆಯಲ್ಲಿ, ಮಗುಚಿಟ್ಟ ಮಣ್ಣಿನ ಕುಂಡದಡಿಯಿಂದ ಒಂದು ಹಳದಿ ಮೂತಿ ಮಾತ್ರ ಕಾಣುತ್ತಿತ್ತು. ಇನ್ನೊಂದು ಹಲ್ಲಿ ಒದ್ದೆ ಪಾಚಿಯ ಡಬ್ಬಿ ಸೇರಿದ್ದು, ಹೊರಗೆ ತಲೆ ಹಾಕಿರಲಿಲ್ಲ. ಗೋಡೆ ಮೇಲೆ ಓಡಾಡುವ ಹಲ್ಲಿಗಳಲ್ಲ ಇವು. ಮೈತುಂಬ ಚುಕ್ಕೆ, ಕೊಬ್ಬಿದ ಬಾಲ, ಮನುಷ್ಯರ ಹಾಗೆ ರೆಪ್ಪೆ ಮಿಟುಕಿಸುವ ಸಾಕುಹಲ್ಲಿಗಳು. ಲೆಪರ್ಡ್ ಗೆಕ್ಕೊ ಎನ್ನುತ್ತಾರೆ.

"ತಿಂದ್ವಾ?" ಗಂಡ ಬಾಗಿಲಲ್ಲೇ ನಿಂತು ಪಿಸುಗುಟ್ಟಿದ.

ಅವಳು ತಲೆಯಾಡಿಸಿದಳು, ಇಲ್ಲವೆಂದು.

ಬಸ್ ಡಿಪೋದಲ್ಲಿ ಎಂಜಿನ್ ಸದ್ದಿನ ಮೇಲೆ ಕೂಗಿ ಮಾತಾಡಿ ರೂಢಿಯಾದ ಮೆಕ್ಯಾನಿಕ್ಕು ಹನ್ನೊಂದು ದಿನದಿಂದ ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ಹೆಜ್ಜೆ ಇಡುತ್ತಿದ್ದ. ದನಿ ಏರಿಸಬಾರದೆಂದು ಒಡತಿಯ ಅಪ್ಪಣೆಯಾಗಿತ್ತು.

ಹಲ್ಲಿಗಳ ಯಜಮಾನಿಗೆ ಒಡತಿ ಎಂದು ಹೆಸರಿಟ್ಟವನು ಅವನೇ. ಹಲ್ಲಿಗಳ ಜೊತೆಗೆ ಒಂದು ಹಾಳೆ ತುಂಬ ನಿಯಮ ಬರೆಸಿ ಕಳಿಸಿದ್ದಳು. ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು, ಇನ್ನೊಂದು ತಂಪಗಿರಬೇಕು. ಮೂರು ಕಡೆ ಬಟ್ಟೆ ಮುಚ್ಚಿರಬೇಕು. ಮುಟ್ಟಬಾರದು. ಮುಂದೆ ನಿಂತು ದಿಟ್ಟಿಸಬಾರದು. ತಿನ್ನದಿದ್ದರೆ ಬಾಯಿ ಬಿಡಿಸಿ ತುರುಕಬಾರದು. ನಮ್ಮ ಡಿಪೋ ಮ್ಯಾನೇಜರು ಇವಳ ಹತ್ತಿರ ಟ್ರೈನಿಂಗ್ ತಗೋಬೇಕು ಎಂದು ಅವನು ನಕ್ಕಿದ್ದ. ಅದು ಮೊದಲ ದಿನದ ನಗು. ಆಮೇಲೆ ನಗು ಬತ್ತಿತು.

ಹಲ್ಲಿಗಳನ್ನು ತಂದುಕೊಟ್ಟವರು ಸದಾ ಕಂಕುಳಲ್ಲಿ ಫೈಲು ಹಿಡಿದಿರುವ ಮೇಡಂ. ಅವತ್ತು ಕೋಣೆಕೋಣೆ ಹೊಕ್ಕು ನೋಡಿದ್ದರು. ಕಿಟಕಿಯ ಸರಳು ಅಲುಗಿಸಿದ್ದರು. ಗಂಡಹೆಂಡತಿ ಜಗಳವಾಡುವುದುಂಟೇ, ಆಡಿದರೆ ಎಷ್ಟು ಜೋರು ಎಂದೂ ಕೇಳಿ ಬರೆದುಕೊಂಡಿದ್ದರು. ಎರಡು ಹಲ್ಲಿಗೆ ಇಷ್ಟೊಂದು ತಪಾಸಣೆಯಾ, ಮನೆ ಕೊಳ್ಳಲು ಬಂದವರೂ ಇಷ್ಟು ನೋಡುವುದಿಲ್ಲ ಎಂದು ಎದುರುಮನೆಯಾಕೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಮೇಡಂ ಮಾತ್ರ ನಕ್ಕಿರಲಿಲ್ಲ. ಇವು ಈಗಾಗಲೇ ಎರಡು ಮನೆಯಿಂದ ವಾಪಸು ಬಂದಿವೆ, ಮುಂದಿನದರ ಮುಂದಿನ ಭಾನುವಾರ ಬರುತ್ತೇನೆ, ಹೊಂದಿಕೊಂಡಿದ್ದರೆ ಸರಿ, ಇಲ್ಲವಾದರೆ ಒಡತಿ ಒಪ್ಪುವುದಿಲ್ಲ ಎಂದಿದ್ದರು.

ಇವತ್ತೇ ಆ ಭಾನುವಾರ.

ಅವಳು ಕುರ್ಚಿ ಎಳೆದು ಕೂತಳು. ಹೋಟೆಲಿನ ಲಾಂಡ್ರಿಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕಾಲುಗಳು ಊದಿದ್ದವು. ಮನೆಗೆ ಬಂದರೆ ಚಪ್ಪಲಿ ಕಳಚುವ ಮೊದಲೇ ಪೆಟ್ಟಿಗೆಯ ಬಿಸಿ ನೋಡಬೇಕು, ಪಾಚಿಗೆ ನೀರು ಚಿಮುಕಿಸಬೇಕು. ಆದರೆ ಈ ದಣಿವು ಕಾಲಿನದಷ್ಟೇ ಅಲ್ಲ. ಅರ್ಜಿ, ಮತ್ತೊಂದು ಅರ್ಜಿ, ಮೇಡಂ ಆಫೀಸಿನ ಬೆಂಚು, ಮುಂದಿನ ತಿಂಗಳು ಬನ್ನಿ ಎಂಬ ಉತ್ತರ. ಹೀಗೇ ನಾಲ್ಕು ವರ್ಷ ಸವೆದಿತ್ತು. ಈ ಎರಡು ಜೀವ ವಾಪಸು ಹೋದರೆ ಮತ್ತೆ ಆ ಬೆಂಚಿನ ಮೇಲೆ ಕೂರುವ ತ್ರಾಣ ಅವಳಿಗಿರಲಿಲ್ಲ.

"ನಾಲ್ಕು ಹುಳು ತೆಗೆದು ಕಿಟಕಿಯಿಂದಾಚೆ ಹಾಕು," ಗಂಡ ಮೆಲ್ಲಗೆ ಹೇಳಿದ. "ತಿಂದ್ವು ಅನ್ನು. ಹುಳು ಬಂದು ಸಾಕ್ಷಿ ಹೇಳುತ್ತಾ?"

"ಹಲ್ಲಿಗಳು ಹೇಳ್ತವೆ ಬಿಡಿ. ನಿಮ್ಮ ಮೇಲೆ ಮೊದಲೇ ಸಿಟ್ಟಿದೆ ಅವಕ್ಕೆ."

ಅಂದಳೇ ಹೊರತು ಕೈ ಬಟ್ಟಲಿಗೆ ಹೋಯಿತು. ನಾಲ್ಕು ಹುಳು ಅಂಗೈಗೆ ಬಂದವು. ಆಗಲೇ ಕರೆಗಂಟೆ ಸದ್ದಾಯಿತು.

ಸುಳ್ಳು ಹೇಳಿದರೆ ಅದನ್ನು ದಿನಾ ನೆನಪಿಟ್ಟುಕೊಂಡು ಸಾಕಬೇಕು. ಸಾಕುವುದಕ್ಕೆ ಇವೆರಡೇ ಸಾಕಾಗಿತ್ತು. ಹುಳುಗಳನ್ನು ಬಟ್ಟಲಿಗೆ ಹಾಕಿ, ಕೈ ತೊಳೆದು, ಬಾಗಿಲು ತೆಗೆದಳು.

ಮೇಡಂ ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿ, ಪೆನ್ನು ತೆಗೆದರು. "ತಿಂದಿವೆಯಾ?"

"ಇಲ್ಲ ಮೇಡಂ. ಬಂದಾಗಿಂದ ಒಂದು ಹುಳುನೂ ಮುಟ್ಟಿಲ್ಲ. ಏನು ತಪ್ಪು ಮಾಡ್ತಿದ್ದೀನೋ ನಂಗೇ ಗೊತ್ತಾಗ್ತಿಲ್ಲ."

"ಬಲವಂತ ಮಾಡಿದ್ರಾ?"

"ಅವಕ್ಕೆ ಬೇಕು ಅನ್ನಿಸಿದಾಗ ತಿನ್ನಲಿ ಅಂತ ಸಂಜೆ ಇಡ್ತಿದ್ದೆ, ಬೆಳಿಗ್ಗೆ ತೆಗೀತಿದ್ದೆ. ಅಷ್ಟೇ."

ಮೇಡಂ ಎರಡು ಸಾಲು ಬರೆದು ಫೈಲು ಮುಚ್ಚಿದರು. ಒಡತಿ ಕೆಳಗೆ ಕಾರಿನಲ್ಲಿದ್ದಾಳೆ, ಇದ್ದದ್ದನ್ನು ಇದ್ದ ಹಾಗೇ ಹೇಳಿಬರುತ್ತೇನೆ ಎಂದು ಇಳಿದುಹೋದರು.

ಗಂಡ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಗೋಡೆಗೆ ಒರಗಿ, ಗ್ರೀಸು ಕೂತ ತನ್ನ ಉಗುರುಗಳನ್ನೇ ನೋಡುತ್ತ ನಿಂತ. ಅವಳು ಪೆಟ್ಟಿಗೆಗೆ ಮುಚ್ಚಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಚತೊಡಗಿದಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮೇಡಂ ಚಪ್ಪಲಿಯದೊಂದು. ಅದರ ಹಿಂದೆ, ಪ್ರತಿ ಮೆಟ್ಟಿಲಿಗೂ ಏನೋ ಭಾರವನ್ನು ದಡ್ ಎನ್ನಿಸಿ ಎಳೆಯುತ್ತ, ನಿಧಾನವಾಗಿ ಇನ್ನೊಂದು.

ಒಡತಿ ಯಾರ ಮುಖವನ್ನೂ ನೋಡದೆ ನೇರ ಪೆಟ್ಟಿಗೆಯ ಬಳಿ ಹೋದಳು. ಮಡಚಿಟ್ಟಿದ್ದ ಬಟ್ಟೆಯನ್ನು ಬಿಡಿಸಿ, ಗಾಜಿಗೆ ಮೊದಲಿನಂತೆಯೇ ಮುಚ್ಚಿದಳು.

"ಆ ಎರಡು ಮನೆಯವರೂ ಚೆನ್ನಾಗಿ ತಿಂದ್ವು ಅಂತ ಹೇಳಿದ್ರು," ಎಂದಳು.

ಆಮೇಲೆ, ಮೊದಲು ನನ್ನ ಹಲ್ಲಿಗಳನ್ನು ಕಳಿಸಿ, ಆಮೇಲೆ ನನ್ನನ್ನು ಕಳಿಸಿ ಎಂದು ಅನಾಥಾಲಯದಲ್ಲಿ ಹಟ ಹಿಡಿದು ಕೂತಿದ್ದ ಆ ಎಂಟು ವರ್ಷದ ಹುಡುಗಿ, ತನ್ನ ಬಟ್ಟೆಬರೆಯ ಚೀಲವನ್ನು ಕುರ್ಚಿಯ ಪಕ್ಕಕ್ಕೆ ಎಳೆದಿಟ್ಟು, ಮೊದಲ ಸಲ ಅವಳ ಮುಖ ನೋಡಿದಳು: "ಹೊಸ ಮನೇಲಿ ಎರಡು ವಾರ ಇವು ಏನೂ ತಿನ್ನಲ್ಲ. ನಾನೂ ತಿನ್ನಲ್ಲ."