ಒಂದೇ ಕುರ್ಚಿಯ ಮುಖ್ಯ ಕಚೇರಿ

"ಡೈರೆಕ್ಟರು ಬರೋವರೆಗೂ ನಾನು ಅಲ್ಲಾಡಲ್ಲ," ಎಂದು ತಂಗಿ ಮುಖ್ಯ ಕಚೇರಿಯ ಹೊಸ್ತಿಲಲ್ಲೇ ಕುಕ್ಕರಿಸಿದಳು.

ಅಕ್ಕ ಒರೆಸುವ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡಿದಳು. "ಕಾಲೆತ್ತೇ, ನೆಲ ಒದ್ದೆ ಇದೆ."

ಎರಡು ದಿನ ಬಸ್ಸಿನಲ್ಲಿ ಕೂತು ಬಂದವಳು ತಂಗಿ. ಅವಳು ಹತ್ತು ವರ್ಷ ಬಟ್ಟೆ ಹೊಲಿದ ಕಾರ್ಖಾನೆಗೆ ನಾಳೆ ಬೀಗ. ಆ ಊರು ಕೊಟ್ಟಿದ್ದ ತೆರಿಗೆ ವಿನಾಯಿತಿಯೂ ಸರಿಯಾಗಿ ಹತ್ತೇ ವರ್ಷದ್ದು. ಮುಚ್ಚುವ ಆದೇಶಕ್ಕೆ ಸಹಿ ಹಾಕಿದವರು ಮನಸ್ಸು ಮಾಡಿದರೆ ಮುನ್ನೂರು ಮನೆಗಳ ಒಲೆ ಉರಿದೀತು. ಅವರ ಕಾಲು ಹಿಡಿಯಲೆಂದೇ ಎಲ್ಲರೂ ಸೇರಿ ಅವಳನ್ನು ಕಳುಹಿಸಿದ್ದರು. ಅಕ್ಕ ಆದೇಶದ ಮೇಲಿದ್ದ ವಿಳಾಸದಲ್ಲೇ ಕಸ ಗುಡಿಸುತ್ತಾಳೆಂಬುದೊಂದೇ ಧೈರ್ಯ.

ನೋಡಿದರೆ ಒಂದೇ ಕೋಣೆ, ಒಂದು ಮೇಜು, ಒಂದು ಕುರ್ಚಿ. ಬಾಗಿಲ ಮೇಲೆ ಮಾತ್ರ ಹತ್ತೊಂಬತ್ತು ಕಂಪನಿಗಳ ಫಲಕ.

"ಇಷ್ಟೂ ಜನ ಒಂದೇ ಕುರ್ಚಿ ಮೇಲೆ ಕೂರ್ತಾರಾ ಅಕ್ಕ?"

"ಯಾರೂ ಕೂರಲ್ಲ ಕಣೇ. ಈ ಊರಲ್ಲಿ ತೆರಿಗೆ ಕಮ್ಮಿಯಂತೆ, ಅದಕ್ಕೇ ಬೋರ್ಡು."

"ಸುಳ್ಳು. ಬರೀ ಬೋರ್ಡಿದ್ರೆ ಸಾಲದು, ಇದೇ ಊರಿನವರೊಬ್ಬರು ಡೈರೆಕ್ಟರಾಗಿರಲೇಬೇಕು ಅಂತ ಕಾನೂನಿದೆಯಂತೆ. ನಮ್ಮ ಮ್ಯಾನೇಜರೇ ಹೇಳಿದ್ದು."

"ಏಳು ವರ್ಷದಿಂದ ಗುಡಿಸ್ತಿದೀನಿ, ನಾನಂತೂ ಮುಖ ಕಂಡಿಲ್ಲ. ತಿಂಗಳಿಗೊಂದ್ಸಲ ವಕೀಲರು ಬರ್ತಾರೆ. ಸಂಬಳದ ಕಾಗದ ಮುಂದಿಡ್ತಾರೆ. ನನಗೆಲ್ಲಿ ಓದು? ತೋರಿಸಿದ ಕಡೆ ರುಜು. ದುಡ್ಡು ಕೊಟ್ಟು ಹೋಗ್ತಾರೆ. ಈ ತಿಂಗಳು ಬಂದಿದ್ದೂ ಆಯ್ತು, ಹೋಗಿದ್ದೂ ಆಯ್ತು. ಈಗ ಫೋನ್ ಮಾಡಿದ್ರೂ ಎತ್ತಲ್ಲ."

"ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರೆ. ಇಲ್ಲಿ ದೇವರೂ ಇಲ್ಲ, ಪೂಜಾರಿನೂ ಇಲ್ಲ!"

ನಗಲು ಹೋದ ತಂಗಿಗೆ ಅಳು ಒತ್ತರಿಸಿ ಬಂತು. ಸೆರಗಿನ ಗಂಟಿನಿಂದ ಆದೇಶದ ಪ್ರತಿಯನ್ನು ತೆಗೆದು ನೆಲಕ್ಕೆ ಬಡಿದಳು. "ನೋಡು, ಹೆಸರೂ ಇಲ್ಲ. 'ಡೈರೆಕ್ಟರು' ಅಂತ ಬರೆದು ಕೆಳಗೆ ಒಂದು ಗೀಚು. ಗೀಚಿದ ಕೈ ಸೇದಿಹೋಗ!"

"ಹಾಗೆಲ್ಲ ಶಾಪ ಹಾಕಬಾರ್ದು. ಅವರಿಗೂ ಮಕ್ಕಳು ಮರಿ ಇರ್ತಾವೆ," ಎಂದಳು ಅಕ್ಕ. ಒದ್ದೆ ಕೈ ಒರೆಸಿಕೊಂಡು, ಕಾಗದವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

ಬಹಳ ಹೊತ್ತು ನೋಡಿದಳು. ಆಮೇಲೆ, ಏಳು ವರ್ಷದಲ್ಲಿ ಮೊದಲ ಸಲ, ಆ ಕುರ್ಚಿಯ ಮೇಲೆ ಕುಸಿದಳು.

"ತಂಗೀ, ಇದು ನನ್ನ ರುಜು ಕಣೇ."