ಎದುರು ಮೂಲೆಯ ಪುಂಡರು

ಸಾಕಮ್ಮನನ್ನು ಅಡುಗೆ ಕೆಲಸಕ್ಕೆಂದು ಪರದೇಶಕ್ಕೆ ಕರೆತಂದ ದಿನವೇ ಯಜಮಾನಿ ಅವಳ ಪಾಸ್‌ಪೋರ್ಟನ್ನೂ ಫೋನನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಎದುರು ಮೂಲೆಯಲ್ಲಿ ಗುಂಪುಗೂಡುವ, ಕುತ್ತಿಗೆಯವರೆಗೂ ಹಚ್ಚೆ ಹಾಕಿಸಿಕೊಂಡ ಯುವಕರನ್ನು ತೋರಿಸಿ, "ಗ್ಯಾಂಗಿನವರು ಕಣೇ. ಒಬ್ಬಳೇ ಸಿಕ್ಕಿದ್ರೆ ಕೊಂದೇಬಿಡ್ತಾರೆ," ಎಂದಿದ್ದಳು.

ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಇಡುವಷ್ಟು ಹೊತ್ತು ಮಾತ್ರ ಸಾಕಮ್ಮ ಹೊರಗಿರಬಹುದಾಗಿತ್ತು. ಚಪ್ಪಲಿ ಮೆಟ್ಟಿ ರಂಗೋಲಿ ಇಡಬಾರದೆಂಬುದು ಆ ಮನೆಯ ಕಟ್ಟಳೆ. ಹಿಮ ಬೀಳತೊಡಗಿದ ಮೇಲೂ ಅದು ಸಡಿಲಾಗಲಿಲ್ಲ.

"ಅಮ್ಮಾವ್ರೇ, ನನ್ನ ಊರಿಗೆ ಕಳಿಸ್ಬಿಡಿ. ಮಗಳ ದನಿ ಕೇಳಿ ಎಷ್ಟು ಕಾಲ ಆಯ್ತೋ."

"ಹೋಗು, ಯಾರು ಬೇಡ ಅಂದ್ರು? ಆ ಮೂಲೆಯವರನ್ನೇ ದಾರಿ ಕೇಳು!" ಯಜಮಾನಿ ನಕ್ಕಳು.

ಅಷ್ಟರಲ್ಲಿ ಯಾರೋ ಬಾಗಿಲನ್ನು ದಬದಬನೆ ಬಡಿದರು. ಪರದೆ ಸರಿಸಿ ನೋಡಿದ ಯಜಮಾನಿಯ ಮುಖ ಬಿಳಿಚಿತು.

"ಅವರೇ ಬಂದ್ರು! ಉಗ್ರಾಣಕ್ಕೆ ಹೋಗು. ಉಸಿರೆತ್ತಬೇಡ."

ಸಾಕಮ್ಮ ಅಕ್ಕಿ ಮೂಟೆಗಳ ಹಿಂದೆ ಅಡಗಿ ಕುಳಿತಳು. ಮುಂಬಾಗಿಲು ತೆರೆಯಿತು. ವಾಗ್ವಾದ ಕೇಳಿಸಿತು. ಭಾರವಾದ ಹೆಜ್ಜೆಗಳು ಹತ್ತಿರವಾದವು. ಉಗ್ರಾಣದ ಕದ ತೆರೆದಾಗ ಅವಳು ಕಣ್ಣು ಮುಚ್ಚಿಕೊಂಡಳು.

"ಹೆದರ್ಬೇಡಿ ತಾಯಿ," ಎಂದಿತು ಒಂದು ಕನ್ನಡದ ಹೆಣ್ಣುದನಿ. "ಪೊಲೀಸರ ಜೊತೆ ಬಂದಿದ್ದೀನಿ. ನಿಮ್ಮನ್ನ ಇಲ್ಲಿಂದ ಬಿಡಿಸ್ತೀವಿ."

"ನಾನಿಲ್ಲಿರೋದು ನಿಮಗೆ ಹೇಳಿದ್ಯಾರವ್ವ?"

ಆಕೆ ಕಿಟಕಿಯಾಚೆಗೆ ಕೈ ತೋರಿದಳು. "ಹಿಮದಲ್ಲಿ ದಿನಾ ಒಬ್ಬ ತಾಯಿ ಬರಿಗಾಲಲ್ಲಿ ಕೂತಿರ್ತಾರೆ ಅಂತ ಆ ಮೂಲೆಯ ಹುಡುಗರೇ ಬಂದು ಹೇಳಿದ್ರು."